ಬಂಡೆಯೋ ತೇಪೆಯೋ

ಆಗಸ್ಟ್ 6, ಬೆಳಿಗ್ಗೆ

ಸಾರಿ. ಯಾರಿಗೆ ಹೇಳುತ್ತಿದ್ದೇನೋ ಗೊತ್ತಿಲ್ಲ, ಆದರೂ ಸಾರಿ. ಬರೆಯುವಂಥದ್ದೇನೂ ಇಲ್ಲ, ಬರೆಯಲು ಬರುವುದೂ ಅಷ್ಟಕ್ಕಷ್ಟೆ. ಬಾತ್‌ರೂಮ್ ಕ್ಯೂನಲ್ಲಿ ನನ್ನ ಪರವಾಗಿ ನನ್ನ ಬಕೆಟ್ ನಿಂತಿದೆ. ಅದರ ಸರದಿ ಬರುವುದರೊಳಗೆ ಒಂದು ಪುಟ.

ಎಂಟನೇ ವಯಸ್ಸಿನಿಂದ ಹಾಸ್ಟೆಲ್. ಬಕೆಟ್, ಬೆಲ್, ಬೀಗ, ಎಲ್ಲ ನೀರು ಕುಡಿದಷ್ಟು ಸಲೀಸು. ಹಾಗಿದ್ದರೂ ಈ ಕಾಲೇಜಿಗೆ ಬಂದ ಮೇಲೆ ಎದ್ದ ಕೂಡಲೇ ಕೈ ಯಾಕೆ ತಣ್ಣಗಾಗುತ್ತದೆ? ಫಸ್ಟ್ ಇಯರ್‌ನಲ್ಲಿ ಎಲ್ಲರಿಗೂ ಹೀಗೇ ಅಂತೆ. ಎಲ್ಲರಿಗೂ ಅಂದರೆ ಯಾರಿಗೆ? ರೂಮ್‌ಮೇಟ್ ಗೊರಕೆ ಹೊಡೆಯುತ್ತಿದ್ದಾಳೆ. ಲೋಕ ಮುಳುಗಿದರೂ ಅವಳ ದಿಂಬು ತೇಲುತ್ತದೆ.

ಬಕೆಟ್ ಯಾರೋ ಹಿಂದಕ್ಕೆ ಸರಿಸಿದರು. ಹೋಗಬೇಕು—

ಆಗಸ್ಟ್ 8

ವೈವಾ. ಸರ್ ಕೇಳಿದ ಮೊದಲನೇ ಪ್ರಶ್ನೆಗೇ ಬಾಯಿ ಕಟ್ಟಿತು. ಎರಡನೆಯದಕ್ಕೆ ಎದ್ದು ಹೊರಗೆ ಬಂದುಬಿಟ್ಟೆ. ಚಪ್ಪಲಿ ಲ್ಯಾಬಿನ ಬಾಗಿಲಲ್ಲೇ ಉಳಿಯಿತು.

ಎರಡಕ್ಕೂ ಉತ್ತರ ಗೊತ್ತಿತ್ತು. ಅದೇ ಉರಿ.

ಆಗಸ್ಟ್ 19, ಸೋಮವಾರ

ಕ್ಲಾಸಿಗೆ ಹೋಗಿಲ್ಲ. ಎಷ್ಟು ದಿನ ಎಂದು ಎಣಿಸಿಲ್ಲ, ಆದರೆ ಕಾಲೇಜಿನವರು ಎಣಿಸಿದ್ದಾರೆ. ಮನೆಗೆ ಫೋನ್ ಹೋಗಿದೆ. ಸಂಜೆ ಅಪ್ಪ ಮಾಡಿದರು.

"ಏನಮ್ಮಾ ಇದು? ನೀನು ಗಟ್ಟಿ ಅಂದ್ಕೊಂಡಿದ್ವಲ್ಲ ನಾವು?"

ಬೈದದ್ದಲ್ಲ. ನಿಜವಾಗಿಯೂ ಆಶ್ಚರ್ಯ. ಬೈದಿದ್ದರೇ ಚೆನ್ನಾಗಿತ್ತು. ಚಿಕ್ಕಂದಿನಿಂದ ನೆಂಟರಿಷ್ಟರ ಎದುರು ನನ್ನ ಬಗ್ಗೆ ಹೇಳುತ್ತಿದ್ದದ್ದು ಒಂದೇ ಮಾತು: ಹಾಸ್ಟೆಲಿಗೆ ಬಿಟ್ಟು ಬಂದಾಗಲೂ ಅಳಲಿಲ್ಲ, ನಮ್ಮ ಹುಡುಗಿ ಗಟ್ಟಿ. ಓದಿಗೆ ಸಿಕ್ಕ ಬಹುಮಾನದ ಕಪ್ ಅಟ್ಟ ಸೇರಿತು. ಈ ಮಾತು ಮಾತ್ರ ಷೋಕೇಸಿನಲ್ಲೇ ಉಳಿಯಿತು.

"ಮುಂದಿನ ತಿಂಗಳು ಒಂದನೇ ತಾರೀಕು ಭಾನುವಾರ ಬರ್ತೀನಿ. ಅಲ್ಲಿರೋದು ಬೇಡ ಅನ್ಸಿದ್ರೆ ಅದಕ್ಕೆ ಮೊದ್ಲೇ ಹೇಳ್ಬಿಡು. ದೊಡ್ಡ ಗಾಡಿ ತರ್ತೀನಿ, ಸಾಮಾನೆಲ್ಲ ಹಾಕ್ಕೊಂಡು ಬಂದ್ಬಿಡೋಣ. ಕಾಲೇಜು ಎಲ್ಲಿಗೂ ಓಡಿ ಹೋಗಲ್ಲ."

"ಆರಾಮಾಗಿದ್ದೀನಿ ಅಪ್ಪ," ಎಂದೆ. ಯಾರದೋ ದನಿ.

ಹೋಗುವುದಾ, ಇರುವುದಾ. ಆ ಭಾನುವಾರದೊಳಗೆ ಹೇಳಬೇಕು. ಹೋಗಲು ಇಷ್ಟವಿಲ್ಲ. ಇರಲು ಧೈರ್ಯವಿಲ್ಲ.

ಆಗಸ್ಟ್ 21

ರೂಮ್‌ಮೇಟ್ ಚಾದರ ಎಳೆದು ಎಬ್ಬಿಸಿದಳು. "ಕ್ಲಾಸಿಗೆ ಬರ್ಬೇಡ, ಕಾಮಿಕ್ಸ್ ಕ್ಲಬ್ಬಿಗೆ ಬಾ. ಅಲ್ಲಿ ಅಟೆಂಡೆನ್ಸ್ ಇಲ್ಲ, ಬುದ್ಧೀನೂ ಬೇಕಿಲ್ಲ."

ಲೈಬ್ರರಿಯ ಹಿಂದಿನ ಕೋಣೆ. ಕಾಲು ಮುರಿದ ಕುರ್ಚಿಗಳನ್ನೆಲ್ಲ ಅಲ್ಲಿ ತಂದು ಒಟ್ಟುತ್ತಾರೆ. ಕ್ಲಬ್ಬಿನವರು ಅವುಗಳ ಮೇಲೇ ಹುಷಾರಾಗಿ ಕೂರುತ್ತಾರೆ. ಪ್ರತಿ ಬುಧವಾರ ವಾದ. ವಾದ ಕನ್ನಡದಲ್ಲೇ ಆಗಬೇಕು. ಇಂಗ್ಲಿಷ್ ಪದ ಬಂದರೆ ಪರವಾಗಿಲ್ಲ. ಇಂಗ್ಲಿಷ್ ವಾಕ್ಯ ಬಂದರೆ ಬೆಂಚು ಹತ್ತಿ ನಿಂತು ಮುಂದುವರಿಸಬೇಕು. ನನಗೆ ಅಲ್ಲೇ ಒಂದು ಪರ್ಮನೆಂಟ್ ಬೆಂಚು ಬೇಕಾಗುತ್ತದೆ.

ಕ್ಲಬ್ ನಡೆಸುವವನು ಒಬ್ಬ ಸೀನಿಯರ್. ಎಲ್ಲರೂ ಅವನನ್ನು 'ಆದ್ರೆ ಅಣ್ಣ' ಎನ್ನುತ್ತಾರೆ. ಬಾಯಿ ತೆರೆದರೆ ಮೊದಲ ಪದ ಅದೇ.

"ಆದ್ರೆ ಹೊಸಬರು ಬಂದಿದ್ದಾರೆ," ಎಂದು ಸ್ವಾಗತಿಸಿದ.

ಚರ್ಚೆ ನನ್ನ ಮೆಚ್ಚಿನ ಮಾಂಗಾದ ಬಗ್ಗೆ, ಆ ಜಪಾನಿ ಕಾಮಿಕ್ಸ್! ಶಾಲೆಯ ಹಾಸ್ಟೆಲಿನಲ್ಲಿ ಹಾಳೆ ಸವೆಯುವವರೆಗೆ ಓದಿದ್ದೇನೆ. ಅದರಲ್ಲಿ ಇಬ್ಬರು ಕಾದಾಡುವವರು. ಒಬ್ಬನಿಗೆ ಎಷ್ಟೇ ಹೊಡೆದರೂ ಒಂದು ಗೀರೂ ಬೀಳುವುದಿಲ್ಲ. ಕ್ಲಬ್ಬಿನಲ್ಲಿ ಅವನಿಗೆ ಬಂಡೆ ಎಂದು ಹೆಸರು. ಇನ್ನೊಬ್ಬನ ಮೂಳೆ ಪ್ರತಿ ಭಾಗದಲ್ಲೂ ಮುರಿಯುತ್ತದೆ, ಮೈತುಂಬ ಹೊಲಿಗೆ, ಮುಂದಿನ ಭಾಗದಲ್ಲಿ ಮತ್ತೆ ಹಾಜರ್. ಅವನು ತೇಪೆ. ಇಬ್ಬರಲ್ಲಿ ಯಾರ durability ಹೆಚ್ಚು?

ಬೋರ್ಡಿನ ಮೇಲೆ ಮೊದಲೇ ಬರೆದಿದ್ದರು. ಏಟು ತಪ್ಪಿಸಿಕೊಂಡರೆ ಲೆಕ್ಕಕ್ಕಿಲ್ಲ, ಅದು ವೇಗ. ಕವಚ ತೊಟ್ಟಿದ್ದರೆ ಲೆಕ್ಕಕ್ಕಿಲ್ಲ, ಆ ಕೀರ್ತಿ ದರ್ಜಿಗೆ ಸೇರಬೇಕು. ಕಡಿದ ಕೈ ಮತ್ತೆ ಚಿಗುರಿದರೆ... ಅಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಪಕ್ಕ ಯಾರೋ ಬರೆದ ಬದನೆ ಗಿಡ.

ಮರೆತೇ ಹೋಯಿತು, ಕೈ ತಣ್ಣಗಾಗಿದೆಯಾ ಎಂದು ನೋಡುವುದು.

ಚೀಟಿ ಎತ್ತಿದರು. ಮುಂದಿನ ಬುಧವಾರ ನಾನು ಮಾತಾಡಬೇಕು. ತೇಪೆಯ ಪರ. ಅಯ್ಯೋ, ನಾನು ಹುಟ್ಟಾ ಬಂಡೆ ಪಾರ್ಟಿ! ಬಂಡೆಯ ಹಾಗೆ ಇರಬೇಕು ಎಂದೇ ಬೆಳೆದದ್ದು.

ಆಗಸ್ಟ್ 24, ಮಧ್ಯಾಹ್ನ

ಶುಕ್ರವಾರ ಎರಡು ಕ್ಲಾಸಿಗೆ ಹೋದೆ. ಕೊನೆಯ ಬೆಂಚು, ಬಾಗಿಲ ಪಕ್ಕ. ಆದರೂ.

ರೂಮ್‌ಮೇಟ್ ನನ್ನ ಭಾಷಣ ತಿದ್ದುತ್ತಿದ್ದಾಳೆ. "ನಿನ್ನ ಕನ್ನಡ ಹಾಸ್ಟೆಲ್ ಹಾಲು ಇದ್ದಂಗಿದೆ ಕಣೇ. ಅರ್ಧ ನೀರು."

"Durabilityಗೆ ಏನಂತಾರೆ?"

"ಬಾಳಿಕೆ."

"ಹಾಗಾದ್ರೆ ತೇಪೆಗೆ ಬಾಳಿಕೆ ಜಾಸ್ತಿ..."

"ಅವನೇನು ಚಪ್ಪಲೀನಾ? ವಸ್ತು ಆದ್ರೆ ಬಾಳಿಕೆ ಬರುತ್ತೆ. ಮನುಷ್ಯ ಆದ್ರೆ ತಾಳಿಕೆ. ತಾಳಿದವನು ಬಾಳಿಯಾನು ಅಂತ ಕೇಳಿಲ್ವಾ?"

ಕೇಳಿದ್ದೆ. ಶಾಲೆಯ ಗೋಡೆಯ ಮೇಲೆ ಬರೆದಿತ್ತು. ಸಹಿಸಿಕೊಂಡವನು ಮುಂದೆ ಚೆನ್ನಾಗಿ ಬದುಕುತ್ತಾನೆ. ಗಾದೆಯಿಂದ ಶುರು ಮಾಡು, ಗಂಭೀರವಾಗಿರುತ್ತೆ ಎಂದಳು. ಕನ್ನಡಿ ಎದುರು ಹೇಳಿ ಹೇಳಿ ತಾಳಿ-ಬಾಳಿ, ಬಾಳಿ-ತಾಳಿ... ನಾಲಿಗೆಗೆ ಗಂಟು. ಪಕ್ಕದ ರೂಮಿನವರು ಗೋಡೆ ತಟ್ಟಿ, "ಯಾರ ಮದುವೆನಮ್ಮಾ?" ಎಂದರು.

ಅಪ್ಪನ ಮೆಸೇಜ್: 'ಯೋಚಿಸಿದೆಯಾ?' ಉತ್ತರ ಹಾಕಿಲ್ಲ.

ಆಗಸ್ಟ್ 28, ಸಂಜೆ

ಆಯಿತು. ಬಿಸಿ ಇರುವಾಗಲೇ ಬರೆಯುತ್ತೇನೆ.

ಜಡ್ಜ್ ನಮ್ಮ ಲೈಬ್ರರಿ ಮೇಡಂ. ಒಂದು ಮಾಂಗಾನೂ ಓದಿಲ್ಲ, ಹಾಗಾಗಿ ಪಕ್ಷಪಾತವಿಲ್ಲ ಎಂದು ಅವರನ್ನೇ ಕೂರಿಸಿದ್ದು. ಬಂಡೆಯ ಪರ ಆದ್ರೆ ಅಣ್ಣ.

"ಆದ್ರೆ ಲೆಕ್ಕ ಬಹಳ ಸರಳ ಮೇಡಂ. ಒಬ್ಬ ರಾಕ್ಷಸ ಇಡೀ ಬೆಟ್ಟ ಪುಡಿ ಮಾಡ್ತಾನೆ. ಅದೇ ಮುಷ್ಟಿಯಿಂದ ಬಂಡೆಗೆ ಗುದ್ದುತ್ತಾನೆ. ಮುರಿಯೋದು ಗುದ್ದಿದವನ ಕೈ. ಅಂದ್ಮೇಲೆ ಬಂಡೆ ಬೆಟ್ಟಕ್ಕಿಂತ ಗಟ್ಟಿ. ಈ ತೇಪೆಗೆ ಒಂದು ಸಲ ಬಾಗಿಲು ತಾಗಿ ಎಚ್ಚರ ತಪ್ಪಿತ್ತು."

ಹಿಂದಿನಿಂದ ರೂಮ್‌ಮೇಟ್ ಕೂಗಿದಳು: "ಅದೇ ರಾಕ್ಷಸ ಮುಂದಿನ ಭಾಗದಲ್ಲಿ ಮೆಟ್ಟಿಲು ಜಾರಿ ಬಿದ್ದು ಕುಂಟ್ತಾನಲ್ಲ ಅಣ್ಣ? ಹಾಗಾದ್ರೆ ಮೆಟ್ಟಿಲು ಬೆಟ್ಟಕ್ಕಿಂತ ಗಟ್ಟಿನಾ?"

ಕೋಣೆ ಒಡೆದು ಹೋಗುವಷ್ಟು ನಗು. ಒಂದು ಕುರ್ಚಿ ನಿಜವಾಗಿಯೂ ಮುರಿಯಿತು.

ನನ್ನ ಸರದಿ. ನಿಂತೆ. ಕೈ ಐಸ್. ಬಾಯಿ ತೆರೆದರೆ ಬಂದದ್ದು—"ಐ ಥಿಂಕ್ ವಾಟ್ ಹೀ ಮೀನ್ಸ್ ಈಸ್..."

"ಬೆಂಚು! ಬೆಂಚು!"

ಹತ್ತಿದೆ. ಮೇಲಿನಿಂದ ಬಾಗಿಲು ಚೆನ್ನಾಗಿ ಕಾಣುತ್ತಿತ್ತು. ತೆರೆದೇ ಇತ್ತು. ಗಾದೆ ಹಿಡಿದು ಹಾರಿದೆ: "ಹಿರಿಯರು ಹೇಳಿದ್ದಾರೆ, ಬಾಳಿದವನು ತಾಳಿಯಾನು!"

ಮೊದಲು ಕಿಸಕ್ ಎಂದದ್ದು ಯಾರೋ, ಆಮೇಲೆ ಎಲ್ಲರೂ.

"ಆದ್ರೆ ತಂಗಿ, ಗಾದೆ ಉಲ್ಟಾ ಹೊಡೀತಲ್ಲ!"

ಕಿವಿ ಕೆಂಡ. ಬಾಗಿಲು ಅಲ್ಲೇ ಇತ್ತು. ವೈವಾ ದಿನದ ಹಾಗೇ ಕಾಲು ತಯಾರಾಗಿತ್ತು. ಆದರೆ ಬೆಂಚಿನಿಂದ ಇಳಿಯಬೇಕಿತ್ತು, ಇಳಿಯುವುದೂ ಒಂದು ನಾಚಿಕೆ. ಅದಕ್ಕೇ ಮಾತಾಡಿದೆ ಅನಿಸುತ್ತದೆ.

"ಉಲ್ಟಾನೇ ಇರಲಿ," ಎಂದೆ. "ಬಂಡೆ ಏನು ತಾಳಿದ್ದಾನೆ ಹೇಳಿ? ಅವನಿಗೆ ಏನೂ ತಾಗೋದೇ ಇಲ್ಲ. ತಾಳ್ಬೇಕು ಅಂದ್ರೆ ಮೊದ್ಲು ತಾಗ್ಬೇಕಲ್ವಾ? ಅವನಿಗೆ ಮನೆ ಇಲ್ಲ, ಗೆಳೆಯರಿಲ್ಲ, ಕಳ್ಕೊಳ್ಳೋಕೆ ಒಂದು ಚೂರೂ ಇಲ್ಲ. ಎಲ್ಲಾ ಭಾಗದಲ್ಲೂ ಸುಮ್ನೆ ನಿಂತಿರ್ತಾನೆ. ಅದು ಬಾಳಾ? ತೇಪೆ ಬಾಳ್ತಾನೆ. ನೋವಾಗುತ್ತೆ, ಅಳ್ತಾನೆ, ಎದೆ ಡವಡವ ಅನ್ನುತ್ತೆ, ಆದ್ರೂ ಮುಂದಿನ ಕಾಳಗಕ್ಕೆ ಬರ್ತಾನೆ. ಬಾಳಿದವನೇ ತಾಳೋದು. ಬಂಡೇದು ಬಾಳಿಕೆ. ಚಪ್ಪಲಿ ಥರ."

ನಗು ಬೇರೆ ಥರ ಬಂತು. ನನ್ನ ಜೊತೆಗೆ. ರೂಮ್‌ಮೇಟ್ ಸಿಳ್ಳೆ ಹಾಕಿದಳು, ಲೈಬ್ರರಿ ಮೇಡಂ ಅಭ್ಯಾಸಬಲದಿಂದ "ಸೈಲೆನ್ಸ್" ಎಂದರು.

ಆದ್ರೆ ಅಣ್ಣ ಸುಮ್ಮನಿರುವವನಾ? "ಆದ್ರೆ ಒಂದು ಪ್ರಶ್ನೆ ತಂಗಿ. ಪ್ರತಿ ಸಲ ಬಿದ್ದ ತೇಪೇನ ಗೆಳೆಯರು ಹೊತ್ತುಕೊಂಡು ಹೋಗಿ ಆರೈಕೆ ಮಾಡ್ತಾರೆ. ಕವಚ ಲೆಕ್ಕಕ್ಕಿಲ್ಲ ಅಂದ್ರೆ ಬೇರೆಯವರ ಹೆಗಲು ಹೇಗೆ ಲೆಕ್ಕಕ್ಕೆ ಬರುತ್ತೆ? ಅದನ್ನ ಕಳೀರಿ. ಏನುಳೀತು?"

ಉತ್ತರ ಇರಲಿಲ್ಲ. ಈ ಸಲ ನಿಜವಾಗಿಯೂ ಇರಲಿಲ್ಲ. "ಗೊತ್ತಿಲ್ಲ. ಯೋಚಿಸಿ ಹೇಳ್ತೀನಿ," ಎಂದು ಇಳಿದು ಕೂತೆ. ಅಷ್ಟೇ. ಯಾರೂ ಸಾಯಲಿಲ್ಲ.

ಮೇಡಂ ತೀರ್ಪು: ಬಂಡೆ ಗೆದ್ದ. "ಗೊತ್ತಿಲ್ಲ ಅಂದ್ಮೇಲೆ ಸೋಲೇ ಕಣಮ್ಮ, ನಿಯಮ ನಿಯಮ. ಮುಂದಿನ ಬುಧವಾರ ಬಂದು ಉತ್ತರ ಹೇಳು. ನಂಗೂ ತಿಳ್ಕೋಬೇಕು, ಆ ಹುಡುಗನ ಕಥೆ."

ಮುಂದಿನ ಬುಧವಾರ ಅಂದರೆ ಭಾನುವಾರ ಕಳೆದ ಮೇಲೆ.

ಆಗಸ್ಟ್ 29, ಮಧ್ಯಾಹ್ನ

ಲ್ಯಾಬ್ ಸರ್ ಹತ್ತಿರ ಹೋಗಿದ್ದೆ. ರೂಮ್‌ಮೇಟ್ ಬಾಗಿಲವರೆಗೆ ಬಂದಳು, ಒಳಗೆ ನಾನೊಬ್ಬಳೇ. ಸೋಮವಾರ ಮತ್ತೊಮ್ಮೆ ವೈವಾ ಕೊಡುತ್ತಾರಂತೆ. "ಬಾಯಿ ಕಟ್ಟಿದ್ರೆ ಬರೆದು ತೋರಿಸು, ಓಡಬೇಡ," ಎಂದರು. ಇಷ್ಟು ಸುಲಭವಾಗಿ ಹೇಳಬಹುದಾಗಿದ್ದರೆ ಇಷ್ಟು ದಿನ ನಾನು ಯಾಕೆ...

ಇರಲಿ.

ಆಮೇಲೆ ಮಾಂಗಾ ತೆಗೆದು ತೇಪೆ ಬೀಳುವ ಪುಟಗಳನ್ನಷ್ಟೇ ನೋಡಿದೆ. ಇಷ್ಟು ವರ್ಷ ಆ ಪುಟಗಳನ್ನು ಬೇಗ ಬೇಗ ತಿರುಗಿಸಿಬಿಡುತ್ತಿದ್ದೆ, ಬೇಜಾರಾಗುತ್ತದೆ ಎಂದು. ಅವನನ್ನು ಹೊತ್ತುಕೊಂಡು ಹೋಗಲು ಯಾರೂ ತಾವಾಗಿ ಬರುವುದಿಲ್ಲ. ಅವರಿಗೆ ಅವನು ಬಿದ್ದದ್ದೇ ಗೊತ್ತಿರುವುದಿಲ್ಲ. ಪ್ರತಿ ಸಲ ಅವನು ಕೂಗುತ್ತಾನೆ. ಮಣ್ಣಿನಲ್ಲಿ ಮುಖವಿಟ್ಟುಕೊಂಡೇ, ಹೆಸರು ಹಿಡಿದು. ಆಮೇಲೆ ಬರುತ್ತಾರೆ.

ಹೆಗಲು ಅವರದು, ಒಪ್ಪಿದೆ. ಕೂಗು ಯಾರದು? ಆ ಉಸಿರನ್ನು ಲೆಕ್ಕದಿಂದ ಕಳೆಯಲು ಬರುವುದಿಲ್ಲ ಅಣ್ಣ. ಬಂಡೆ ಒಂದು ಸಲವೂ ಕೂಗಿಲ್ಲ. ಅವನಿಗೆ ಕೂಗಲು ಬರುತ್ತದೋ ಇಲ್ಲವೋ, ಯಾರಿಗೆ ಗೊತ್ತು.

ಬುಧವಾರ ಇದನ್ನೇ ಹೇಳುತ್ತೇನೆ. ಬೆಂಚಿನ ಮೇಲಿಂದಾದರೂ ಸರಿ.

ಸಂಜೆ 5

ಅಪ್ಪನಿಗೆ ಮೆಸೇಜ್. ಫೋನಿನಲ್ಲಿ ಟೈಪ್ ಮಾಡಿ ಅಳಿಸಿ, ಟೈಪ್ ಮಾಡಿ ಅಳಿಸಿ... ಇಲ್ಲಿ ಬರೆದು ನೋಡಿ ಹಾಗೇ ಕಳಿಸಿಬಿಡುತ್ತೇನೆ. ಕಾಗುಣಿತ ತಪ್ಪಿದ್ದರೆ ಇರಲಿ.

ಅಪ್ಪ, ದೊಡ್ಡ ಗಾಡಿ ತರಬೇಡಿ. ನಾನು ಇಲ್ಲೇ ಇರ್ತೀನಿ. ಆರಾಮಾಗಿದ್ದೀನಿ ಅಂದಿದ್ದು ಸುಳ್ಳು. ಭಯ ಆಗುತ್ತೆ, ದಿನಾ ಆಗುತ್ತೆ. ಹಾಸ್ಟೆಲಿಗೆ ಬಿಟ್ಟು ಹೋದ ದಿನ ನೀವು ಗೇಟ್ ದಾಟಿದ ಮೇಲೆ ಅತ್ತಿದ್ದೆ, ನಿಮಗೆ ಗೊತ್ತಿಲ್ಲ ಅಷ್ಟೆ. ಸೋಮವಾರ ಬೆಳಿಗ್ಗೆ ವೈವಾ ಇದೆ. ಭಾನುವಾರ ಬಂದು ಅವತ್ತೇ ವಾಪಸ್ ಹೋಗಬೇಡಿ. ಅಮ್ಮನನ್ನೂ ಕರ್ಕೊಂಡು ಬಂದು ಸೋಮವಾರದ ತನಕ ಇರಿ. ಒಳಗೆ ಬರೋದು ಬೇಡ, ಲ್ಯಾಬ್ ಹೊರಗೆ ಕೂತಿದ್ದರೆ ಸಾಕು. ಇರ್ತೀರಾ? ಬೇಗ ಉತ್ತರ ಹಾಕಿ