ಕುಟ್ಟುವ ಹಾಡಿನ ಹಿಂದಿನ ಸದ್ದು

ಸಿದ್ದಾಪುರ
ಮಾರ್ಚ್ ೯, ಸೋಮವಾರ

ನನ್ನ ಮಗಳಂಥ ತ್ರಿವೇಣಿಗೆ ಸೂರಮ್ಮನ ಆಶೀರ್ವಾದಗಳು.

ಹೋದ ತಿಂಗಳ ಕೊನೆಗೆ ನಮ್ಮ ಹಾಡುಗಳನ್ನೂ ಮನೆಯ ಸದ್ದುಗಳನ್ನೂ ರೆಕಾರ್ಡ್ ಮಾಡಿಕೊಂಡು ಹೋದೆಯಲ್ಲ, ಅದರಲ್ಲಿ ನವಣೆ ಕುಟ್ಟುವ ಹಾಡನ್ನು ನೀನು ನನ್ನ ಮಗ ಪಾಲಾಕ್ಷನ ಫೋನಿಗೆ ಕಳಿಸಿದ್ದೆ. ಹಾಡಿನ ಹಿಂದೆ ಒನಕೆಯ ಪೆಟ್ಟು ಎಷ್ಟು ಚೆನ್ನಾಗಿ ಬಿದ್ದಿದೆ ಎಂದು ಹೊಗಳಿದ್ದೆ. ಇಷ್ಟು ಓದಿಯೂ ಪೆದ್ದಿ ನೀನು. ನಮ್ಮ ಮನೆಯಲ್ಲಿ ಒನಕೆ ಎತ್ತಿ ಹದಿನೈದು ವರ್ಷವಾಯಿತು. ನವಣೆ ಮಿಲ್ಲಿಗೆ ಹೋಗುತ್ತದೆ.

ಅದು ಪಾಲಾಕ್ಷ ನನ್ನ ಸೊಸೆ ಸುನಿತಾಳನ್ನು ಹೊಡೆದ ಸದ್ದು.

ಅವತ್ತು ಬೆಳಿಗ್ಗೆ ಅವಳು ನಿನ್ನೆದುರು ಕೂತು ನಗುನಗುತ್ತ ಎರಡು ಹಾಡು ಹೇಳಿದಳು. ಹೆಂಡತಿಯ ದನಿಯನ್ನು ಕಂಡಕಂಡವರೆಲ್ಲ ಕೇಳಬೇಕಾ ಎಂದು ಅವನಿಗೆ ರೇಗಿತು. ಮನೆಯ ಸದ್ದು ಇದ್ದ ಹಾಗೇ ಸಿಗಲಿ ಎಂದು ನೀನು ಮಷಿನ್ನು ಜಗಲಿಯಲ್ಲಿ ಬಿಟ್ಟು ಊರೊಳಗೆ ಹೋದೆ. ಎದುರಿಗೆ ಕೂತವರ ದನಿಯನ್ನಷ್ಟೇ ಅದು ಹಿಡಿಯುತ್ತದೆ ಎಂದುಕೊಂಡಿದ್ದೆವು. ಒಳಗೆ ಅವಳ ಜುಟ್ಟು ಹಿಡಿದು ಸೌದೆಯಿಂದ ಬಡಿದ. ಅಕ್ಕಪಕ್ಕದವರಿಗೆ ಕೇಳೀತೆಂದು ನಾನು ಜಗಲಿಗೆ ಬಂದು ಕುಟ್ಟುವ ಹಾಡು ಎತ್ತಿದೆ. ಅವನ ಪೆಟ್ಟಿನ ತಾಳಕ್ಕೆ ಸರಿಯಾಗಿ ಹಾಡಿದೆ ಕಣೇ, ಥೂ! ನೀನು ವಾಪಸು ಬಂದಾಗ, ಸುನಿತಾ ತಲೆನೋವೆಂದು ಮಲಗಿದ್ದಾಳೆ ಎಂದೆ. ನೀನು ಟೀ ಕುಡಿದು ಹೊರಟೆ.

ಅವಳೀಗ ಚಳ್ಳಕೆರೆಯ ಆಸ್ಪತ್ರೆಯಲ್ಲಿದ್ದಾಳೆ. ದವಡೆ ಮುರಿದಿದೆ, ತಂತಿ ಕಟ್ಟಿದ್ದಾರೆ. ಬಂಡೆಯಿಂದ ಜಾರಿ ಬಿದ್ದಳೆಂದು ನಾವೆಲ್ಲ ಪೊಲೀಸರಿಗೆ ಹೇಳಿದೆವು. ಅವಳು ಚೀಟಿಯಲ್ಲಿ ನಿಜ ಬರೆದುಕೊಟ್ಟಳು. ಅವಳಿಗೆ ಬುದ್ಧಿ ನೆಟ್ಟಗಿಲ್ಲ ಎಂದೆವು. ಅವಳ ಪರವಾಗಿರುವವನು ಅವಳ ಅಣ್ಣ ಚಿರಂಜೀವಿಯೊಬ್ಬನೇ. ಮುಂದಿನ ಸೋಮವಾರ ಅವಳನ್ನು ಮನೆಗೆ ಕಳಿಸುತ್ತಾರಂತೆ. ನಿನ್ನೆ ವಾರ್ಡಿನ ಬಾಗಿಲಲ್ಲೇ ಪಾಲಾಕ್ಷ ಹೇಳಿದ: “ಮನೆಗ್ ಬರ್ಲಿ ಅವ್ವಾ, ಈ ಸಲ ಉಳ್ಸಲ್ಲ.” ಅವನು ಅಂದಂತೆ ಮಾಡುವವನು. ನನಗೆ ಭಯವಾಗಿದೆ.

ಆ ರೆಕಾರ್ಡನ್ನು ಅಳಿಸು ಎಂದು ಅವನು ನಿನಗೆ ಫೋನು ಮಾಡುತ್ತಾನೆ. ನನ್ನಿಂದಲೂ ಹೇಳಿಸುತ್ತಾನೆ. ನಾನು ಫೋನಿನಲ್ಲಿ ಏನೇ ಹೇಳಿದರೂ ನಂಬಬೇಡ. ಒಂದು ಚೂರೂ ಕತ್ತರಿಸದೆ ಇಡೀ ರೆಕಾರ್ಡನ್ನು ಆ ಸೋಮವಾರದೊಳಗೆ ಚಿರಂಜೀವಿಗೆ ಕಳಿಸು. ನಂಬರು ಹಾಳೆಯ ಹಿಂದಿದೆ. ಹೆತ್ತ ಮಗನನ್ನೇ ಜೈಲಿಗೆ ಕಳಿಸಿದಳೆಂದು ಊರು ನನಗೆ ಉಗಿಯಲಿ.

ಇಂತಿ,
ಸೂರಮ್ಮ

ಮ.ವಿ.: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಡುವೆ ಒಮ್ಮೆ ಹಾಡು ನಿಲ್ಲುತ್ತದೆ. ಅಲ್ಲಿ ತೆಲುಗಿನಲ್ಲಿ ಒಬ್ಬ ಹೆಂಗಸು, “ದಾನಿ ನೋರು ಮೂಯಿಂಚು” ಎನ್ನುತ್ತಾಳೆ. ಅವಳ ಬಾಯಿ ಮುಚ್ಚಿಸು ಎಂದು ಅರ್ಥ. ಅದಾದ ಮೇಲೆಯೇ ಅವನು ದವಡೆಗೆ ಹೊಡೆದದ್ದು. ಆ ದನಿ ನನ್ನದು, ಆ ತೆಲುಗು ನನ್ನ ತವರಿನದು. ಅದನ್ನೂ ಕತ್ತರಿಸಬೇಡ.