ಗೇಟಿನ ಮುಂದಿನ ಸಾಲು

ಅಮ್ಮಾ,

ಇವತ್ತಿನ ತಮಾಷೆ ಕೇಳಲು ನೀನಿರಬೇಕಿತ್ತು. ನೀನು ಇಪ್ಪತ್ತು ವರ್ಷ ಹೊಲಿದ, ಆಮೇಲೆ ನಾನೂ ಸೇರಿಕೊಂಡ ಗಾರ್ಮೆಂಟ್ಸ್ ಈಗ ನಮ್ಮದು. ಸಾಹುಕಾರರು ಬೀಗ ಹಾಕಿಕೊಂಡು ಹೋದ ಮೇಲೆ ನಾವು ನಲವತ್ತು ಹೆಂಗಸರು ಸಹಕಾರ ಸಂಘ ಕಟ್ಟಿ ಅದನ್ನು ಕೊಂಡುಕೊಂಡೆವು. ಇವತ್ತು ಮೊದಲ ದಿನ.

ಸಂಜೆ ಗಂಟೆ ಹೊಡೆದದ್ದೇ ತಡ, ಎಲ್ಲರೂ ಗೇಟಿನ ಮುಂದೆ ಸಾಲಾಗಿ ನಿಂತು ಬ್ಯಾಗುಗಳ ಜಿಪ್ ತೆಗೆದೆವು. ನಾನಂತೂ ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆದು ಹಿಡಿದಿದ್ದೆ. ತಪಾಸಣೆ ಮಾಡುವವರೇ ಇಲ್ಲ!

ಗುಂಡಿ ಹೊಲಿಯುವ ಅಕ್ಕ ಮುಂದಿನಿಂದ ತಿರುಗಿ, "ಯಾರಿಗ್ರೇ ತೋರಿಸ್ತಿದ್ದೀರಿ? ನಮ್ಮನೆ ಬಟ್ಟೆ ನಾವೇ ಕದೀತೀವಾ?" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನನಗೆ ನಗು ಬರಲಿಲ್ಲ. ನಾನು ಕಾಲೇಜಿಗೆ ಹೋಗುತ್ತಿದ್ದಾಗ ಒಂದು ಸಂಜೆ, ನೀನು ಇದೇ ಸಾಲಿನಲ್ಲಿ ಡಬ್ಬಿ ತೆರೆದು ನಿಂತಿದ್ದೆ. ನನ್ನ ಜೊತೆಗೆ ಗೆಳತಿಯರಿದ್ದರು. ನಾನು ರಸ್ತೆ ದಾಟಿ ಆಚೆ ಬದಿಯಿಂದ ಹೋದೆ. ನೀನು ನೋಡಿದೆಯೋ ಇಲ್ಲವೋ, ಹೇಳಲಿಲ್ಲ. ನಾನೂ ಕೇಳಲಿಲ್ಲ.

ಗೇಟಿನ ಹೊರಗೆ ಹಳೆಯ ಸೂಪರ್‌ವೈಸರ್ ನಿಂತಿದ್ದ. "ಚೆಕಿಂಗ್ ಇಲ್ದೆ ಎಷ್ಟು ದಿನ ನಡೆಯುತ್ತೋ ನಾನೂ ನೋಡ್ತೀನಿ" ಅಂದ.

"ನೋಡಿ ಸಾರ್, ನಿಂತ್ಕೊಂಡೇ ನೋಡಿ. ನಮ್ಮಮ್ಮ ಇಪ್ಪತ್ತು ವರ್ಷ ಇಲ್ಲೇ ನಿಂತಿದ್ರು" ಅಂದೆ.

ಸಾಲಿನಲ್ಲಿ ಒಂದೊಂದಾಗಿ ಜಿಪ್ ಎಳೆದ ಸದ್ದು ಕೇಳಿತು. ನಾನೂ ಡಬ್ಬಿ ಮುಚ್ಚಿದೆ. ನಿನ್ನದೇ ಡಬ್ಬಿ ಅದು. ಮುಚ್ಚಳ ಈಗಲೂ ಬಿಗಿ.

ಮನೆಗೆ ಗೇಟಿನ ಬದಿಯಿಂದಲೇ ನಡೆದು ಬಂದೆ, ಅಮ್ಮಾ. ರಸ್ತೆ ದಾಟಲಿಲ್ಲ.