ಸಂತೆ ಜೀಪಿನಲ್ಲಿ ಬಂದ ಚುಕ್ಕಿ

ಮೂಡಿಗೆರೆ, ಜುಲೈ 2002

ಅವ್ವನಿಗೆ ವಿಶಾಲಿಯ ನಮಸ್ಕಾರ.

ಆಸ್ಪತ್ರೆಗೆ ತುರ್ತಾಗಿ ಬಂದವರು ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು ಕಂಪ್ಯೂಟರಿನಲ್ಲಿ ಆಟದ ಹಾಗೆ ನಡೆಸಿ ನೋಡುವುದು ಇಲ್ಲಿ ನನ್ನ ಕೆಲಸ. ಪರದೆಯ ಮೇಲೆ ಒಬ್ಬೊಬ್ಬ ರೋಗಿಯೂ ಒಂದೊಂದು ಚುಕ್ಕಿ. ವಾರವೆಲ್ಲ ಬೆರಳೆಣಿಕೆಯ ಚುಕ್ಕಿಗಳು, ಸಂತೆಯ ದಿನ ಮಾತ್ರ ಮುತ್ತಿಕೊಳ್ಳುತ್ತವೆ. ಸಂತೆಯ ನೂಕುನುಗ್ಗಲಿನಲ್ಲಿ ಜನ ಬೀಳುತ್ತಾರೆ ಎಂದೇ ನಾನು ತಿಳಿದಿದ್ದೆ.

ಇವತ್ತು ಎಸ್ಟೇಟಿನ ಜೀಪಿನಿಂದ ನಿನ್ನ ವಯಸ್ಸಿನ ಹೆಂಗಸೊಬ್ಬರು ಇಳಿದರು. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈ ಊದಿ ಕಪ್ಪಾಗಿತ್ತು. "ಸಂತೇಲಿ ಬಿದ್ರಾ?" ಎಂದು ಕೇಳಿದೆ.

"ಇಲ್ಲಮ್ಮ, ಹೋದ ಸಂತೆ ಮಾರನೇ ದಿನ ತೋಟದಲ್ಲಿ ಬಿದ್ದಿದ್ದು. ಜೀಪು ಬರೋದು ಸಂತೆಗೇ ಅಲ್ವಾ?" ಎಂದು ನಕ್ಕರು.

ಜೀಪಿಗಾಗಿ ಆರು ದಿನ ಕಾದಿದ್ದಾರೆ. ಅವರು ಕಾದದ್ದು ಹತ್ತೇ ನಿಮಿಷ ಎಂದು ಕಂಪ್ಯೂಟರು ತೋರಿಸುತ್ತಿದೆ, ಅವ್ವ! ಬಾಗಿಲು ದಾಟಿದ ಮೇಲಿನದನ್ನಷ್ಟೇ ಎಣಿಸಲು ಅದಕ್ಕೆ ಹೇಳಿಕೊಟ್ಟವಳು ನಾನೇ.

ಕಾಲಿಗೆ ಉಂಬಳ, ಅಂದರೆ ಇಲ್ಲಿಯ ಜಿಗಣೆ, ಕಚ್ಚಿದ್ದು ಬಿಟ್ಟರೆ ನಾನು ಆರಾಮ. ಕಾರ್ಡಿನಲ್ಲಿ ಜಾಗವಿಲ್ಲ. ನಿನ್ನ ಎದೆನೋವನ್ನು ಗದಗದ ಸಂತೆಗೆ ಹೋದಾಗ ತೋರಿಸುತ್ತೇನೆ ಎಂದಿದ್ದೆಯಲ್ಲ, ಬೇಡ. ಇದನ್ನು ಓದಿಸಿಕೊಂಡ ಕೂಡಲೇ ಆಸ್ಪತ್ರೆಗೆ ಹೊರಡು.

ವಿಶಾಲಿ